ಶನಿವಾರ ಸಂಜೆಗೆ ಬಾರ್ಬಾ ಲೋವ್ರೆ ಹೇಳಿದ ಗಾಳಿ

"ಅಮ್ಮಾ, ಬಾರ್ಬಾ ಲೋವ್ರೆ ರಿಟೈರಾದ್ಮೇಲೆ ಗಾಳಿಗೆ ಯಾವ ಕಡೆ ಬೀಸ್ಬೇಕು ಅಂತ ಯಾರು ಹೇಳ್ತಾರೆ?"

ಪೆರಿನಾ ಇದನ್ನು ಕೇಳಿದಾಗ ನಾನು ಅವಳ ತಲೆಗೆ ಸೋಪು ಹಚ್ಚುತ್ತಿದ್ದೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು, ಬಾಯಿ ಮಾತ್ರ ತೆರೆದೇ ಇತ್ತು.

"ಗಾಳಿಗೆ ಯಾರೂ ಹೇಳಲ್ಲ ಪುಟ್ಟಿ. ಗಾಳಿ ಏನ್ ಮಾಡುತ್ತೆ ಅಂತ ಬಾರ್ಬಾ ನಮಗೆ ಹೇಳ್ತಾರೆ, ಅಷ್ಟೆ."

"ಇಲ್ಲ. ಮೊದ್ಲು ಅವರು ಹೇಳ್ತಾರೆ, ಆಮೇಲೆ ಗಾಳಿ ಬರುತ್ತೆ. ನಾನೇ ನೋಡಿದೀನಿ."

ಅವಳ ವಾದದಲ್ಲಿ ತಪ್ಪು ಹುಡುಕುವುದು ಕಷ್ಟವಾಯಿತು. ತಲೆ ಮೇಲೆ ನೀರು ಹೊಯ್ದೆ.

ಬಾರ್ಬಾ ಲೋವ್ರೆ ನಮ್ಮ ಮೇಲಿನ ಮನೆಯವರು. ನಾವು ಎರಡನೇ ಮಹಡಿ, ಅವರದು ಮೂರನೇದು. ದೊಡ್ಡಪ್ಪನನ್ನು ಕರೆದ ಹಾಗೆ ಊರೆಲ್ಲ ಅವರನ್ನು ಬಾರ್ಬಾ ಎಂದೇ ಕರೆಯುತ್ತದೆ. ಕರಾವಳಿಯ ಟೀವಿಯಲ್ಲಿ ಸಂಜೆಯ ಸುದ್ದಿ ಮುಗಿದ ಮೇಲೆ ನಕ್ಷೆಯ ಮುಂದೆ ನಿಂತು ನಾಳೆಯ ಗಾಳಿ, ಮಳೆ, ಅಲೆಗಳ ಎತ್ತರ ಹೇಳುವುದು ಅವರ ಕೆಲಸ. ನಾನು ಹುಟ್ಟುವ ಮೊದಲೇ ಶುರುಮಾಡಿದ್ದರು. ನನ್ನ ನಾಮಕರಣದ ದಿನ ಮಳೆ ಬರುವುದಿಲ್ಲ ಎಂದವರೂ ಅವರೇ, ನನ್ನ ಮದುವೆಯ ದಿನ ಬರುತ್ತದೆ ಎಂದವರೂ ಅವರೇ. ಎರಡೂ ಸರಿಯಾಗಿತ್ತು.

ಅವರು ಸಮುದ್ರದ ಕಡೆಯವರಲ್ಲ. ಬೆಟ್ಟದ ಆಚೆ, ಕಲ್ಲಿನ ನಡುವೆ ಕುರಿ ಮೇಯುವ ಹಳ್ಳಿಯಿಂದ ಬಂದವರು. ವಿಮಾನ ನಿಲ್ದಾಣದಲ್ಲಿ ಪೈಲಟ್‌ಗಳಿಗೆ ಮೋಡದ ಲೆಕ್ಕ ಕೊಡುತ್ತಿದ್ದವರನ್ನು ಟೀವಿಯವರು ಕರೆದುಕೊಂಡಾಗ ನಮ್ಮ ಬೆಸ್ತರಿಗೆ ತಮಾಷೆಯೋ ತಮಾಷೆ. "ಈಜು ಬರದೋನು ನಮಗೆ ಅಲೆ ಎಷ್ಟೆತ್ತರ ಅಂತ ಹೇಳ್ತಾನಂತೆ" ಎಂದು ದೋಣಿ ಕಟ್ಟುವ ದಕ್ಕೆಯ ಮೇಲೆ ಬಲೆ ಹೊಲಿಯುತ್ತಾ ನಗುತ್ತಿದ್ದರಂತೆ. ಈಜು ಅವರಿಗೆ ಈಗಲೂ ಬರುವುದಿಲ್ಲ. ಬೇಸಿಗೆಯಲ್ಲಿ ಮೊಣಕಾಲಿನ ತನಕ ನೀರಿಗಿಳಿದು, ಪ್ಯಾಂಟು ಮಡಚಿಕೊಂಡು, ಪತ್ರಿಕೆ ಓದುತ್ತಾ ನಿಲ್ಲುತ್ತಾರೆ.

ನಗುತ್ತಿದ್ದ ಬೆಸ್ತರ ಬಾಯಿ ಮುಚ್ಚಿದ್ದು ಅವರ ಲೆಕ್ಕ ಸರಿಹೋಗಿದ್ದರಿಂದಲ್ಲ, ತಪ್ಪಿದ್ದರಿಂದ ಎಂದು ನನ್ನ ಅಪ್ಪ ಹೇಳುತ್ತಿದ್ದ. ಮೊದಲ ವರ್ಷವೇ ಒಂದು ಸಂಜೆ, ಬೇರೇನೂ ಹೇಳುವ ಮೊದಲು, "ನಿನ್ನೆ ನಾನು ಹೇಳಿದ್ದು ತಪ್ಪಾಯ್ತು. ಮಳೆ ಇಲ್ಲ ಅಂದಿದ್ದೆ, ಬಂತು. ಅಂಜೂರ ಒಣಹಾಕಿದ್ದವರು ಮೊದಲು ನನ್ನನ್ನ ಬೈದು ಮುಗಿಸಿ, ಆಮೇಲೆ ನಾಳೇದು ಕೇಳಿ" ಎಂದು ನಿಜವಾಗಿಯೂ ಸ್ವಲ್ಪ ಹೊತ್ತು ಸುಮ್ಮನೆ ನಿಂತರಂತೆ, ಬೈಯಲು ಸಮಯ ಕೊಟ್ಟು. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ತಪ್ಪಿದ ಮಾರನೆಯ ದಿನ ತಪ್ಪಿನಿಂದಲೇ ಆರಂಭ.

"ಒಳ್ಳೆಯ ಹವೆ" ಎಂದು ಅವರು ಟೀವಿಯಲ್ಲಿ ಒಮ್ಮೆಯೂ ಹೇಳಿದವರಲ್ಲ. ಯಾಕೆ ಎಂದು ನಾನು ಕೇಳಿದ್ದೆ. "ಯಾರಿಗೆ ಒಳ್ಳೇದು ಮಗಳೇ? ಮೀನು ಒಣಗಿಸೋರಿಗೋ, ಎಲೆಕೋಸು ಹಾಕಿದೋರಿಗೋ?" ಎಂದಿದ್ದರು. ಅವರ ಹಳ್ಳಿಯವರಿಗೆ ಮಾತ್ರ ಅವರ ಮೇಲೆ ಒಂದು ದೂರು. ನಕ್ಷೆಯ ಮುಂದೆ ನಿಂತರೆ ಅವರ ಹೊಟ್ಟೆ ಸರಿಯಾಗಿ ಅದೇ ಹಳ್ಳಿಯನ್ನು ಮುಚ್ಚುತ್ತಿತ್ತು. ಅವರ ಅಕ್ಕ ಫೋನು ಮಾಡಿ, "ಊರಿಗೆಲ್ಲಾ ಹವಾಮಾನ ಹೇಳ್ತೀಯ, ನಿನ್ನ ಹೊಟ್ಟೆ ಹಿಂದೆ ನಮಗೇನಾಗ್ತಿದೆ ಅಂತ ಯಾವಾಗ ಹೇಳ್ತೀಯೋ?" ಎಂದು ಜೋರು ಮಾಡುವುದು ಕೆಳಗಿನ ನನ್ನ ಅಡುಗೆಮನೆಗೂ ಕೇಳಿಸುತ್ತಿತ್ತು.

ಅವರ ಹೆಂಡತಿ ಫಿಲಾ, ನಮಗೆಲ್ಲ ತೆತಾ ಅಂದರೆ ದೊಡ್ಡಮ್ಮ, ಅಪ್ಪಟ ಸಮುದ್ರದವರು. ಮಾತು ಉಪ್ಪು, ಕೈ ಬೆಲ್ಲ. ನಮ್ಮ ಗಲ್ಲಿಯಲ್ಲಿ ಈ ಮನೆಯಿಂದ ಎದುರು ಮನೆಗೆ ರಾಟೆಯ ಮೇಲೆ ಹಗ್ಗ ಎಳೆದು ಬಟ್ಟೆ ಒಣಹಾಕುತ್ತೇವೆ. ಗಲ್ಲಿಯ ಹೆಂಗಸರಿಗೆ ಬಾರ್ಬಾನ ಮಾತಿಗಿಂತ ಫಿಲಾಳ ಹಗ್ಗದ ಮೇಲೆ ನಂಬಿಕೆ ಹೆಚ್ಚು. ಅವರು ಬೆಡ್‌ಶೀಟು ಹಾಕಿದರೆ ನಾವೂ ಹಾಕುತ್ತೇವೆ. ಅವರ ಹಗ್ಗ ಖಾಲಿಯಿದ್ದರೆ, ಬಿಸಿಲು ಸುಡುತ್ತಿದ್ದರೂ, ನಾವು ಬಕೆಟ್ಟು ಒಳಗೆಳೆದುಕೊಳ್ಳುತ್ತೇವೆ. ಟೀವಿಯಲ್ಲಿ ಹೇಳುವುದು ಎಲ್ಲರಿಗೆ, ಹೆಂಡತಿಗೆ ಹೇಳುವುದು ನಿಜ ಎಂಬುದು ನಮ್ಮ ಲೆಕ್ಕ. ಪೆರಿನಾ ಹುಟ್ಟಿದ ವರ್ಷ, ಬಟ್ಟೆಗಳ ರಾಶಿಯ ನಡುವೆ, ನಾನು ಆ ಹಗ್ಗವನ್ನು ನೋಡಿಯೇ ಬದುಕಿದ್ದು.

ಬಾರ್ಬಾ ಲೋವ್ರೆಯ ದೊಡ್ಡ ಭಯವೆಂದರೆ ಹೊಗಳಿಕೆ. ಹಿಂದೊಮ್ಮೆ ಟೀವಿಯವರೇ ಅವರಿಗೊಂದು ಸನ್ಮಾನ ಇಟ್ಟುಕೊಂಡಾಗ ಹಲ್ಲು ನೋವೆಂದು ಡಾಕ್ಟರ ಹತ್ತಿರ ಹೋದರು, ಬಾಯಲ್ಲಿ ಹತ್ತಿ ಇಟ್ಟುಕೊಂಡು ಬಂದರು. ಹಾರ ಗೋಡೆಯ ಫೋಟೋಕ್ಕೆ ಹೋಯಿತು. ಗಟ್ಟಿಮುಟ್ಟಾಗಿದ್ದ ಹಲ್ಲನ್ನು ಕೀಳಿಸಿಕೊಂಡರು ಎಂದು ಊರೇ ಹೇಳುತ್ತದೆ. ಹಾಳಾಗಿತ್ತು ಎಂದು ಅವರೊಬ್ಬರೇ ಹೇಳುತ್ತಾರೆ. ಅವರ ಹೆಸರಿನ ಸಂತನ ಹಬ್ಬದ ದಿನ ಮನೆ ತುಂಬ ನೆಂಟರು ಬಂದರೆ ಈ ಮನುಷ್ಯ ಬೆಟ್ಟ ಹತ್ತಿ ಮಾಯ.

ಹಾಗಾಗಿ ಈ ಸಲ ಊರು ಮೊದಲೇ ಹುಷಾರಾಯಿತು. ನಿವೃತ್ತಿಯ ಮಾರನೆಯ ದಿನ, ಶನಿವಾರ ಸಂಜೆ, ದಕ್ಕೆಯ ಮೇಲೆ, ಸಮುದ್ರಕ್ಕೆ ಮುಖ ಮಾಡಿ ಕುರ್ಚಿ ಹಾಕಿ ಸನ್ಮಾನ ಎಂದು ನಿಶ್ಚಯವಾಯಿತು. ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ ದುಮೆನಿಕಾ, ಊರಿಗೆಲ್ಲ ಶ್ಯೋರಾ ಅಂದರೆ ಅಮ್ಮಾವ್ರು, ಇದರ ಹಿಂದೆ ನಿಂತರು. ಅವರು ಹಿಂದೆ ನಿಂತರೆ ಮುಂದಿರುವವರು ನಡೆಯಲೇಬೇಕು. ಹಾಡುಗಾರರು ಬರುತ್ತಾರೆ, ಶಿಶುವಿಹಾರದ ಮಕ್ಕಳು ನಾಲ್ಕು ದಿಕ್ಕಿನ ಗಾಳಿಗಳಾಗಿ ಕುಣಿಯುತ್ತಾರೆ, ಮನೆಯಲ್ಲಿ ಈಗಾಗಲೇ ಅರ್ಧ ಡಜನ್ ವಾಯುಭಾರ ಮಾಪಕಗಳಿರುವ ಮನುಷ್ಯನಿಗೆ ಹಿತ್ತಾಳೆಯದು ಇನ್ನೊಂದು ಕೊಡುತ್ತಾರೆ. ಪೆರಿನಾಳ ಪಾತ್ರ ಬೂರಾ, ಅಂದರೆ ಬೆಟ್ಟದಿಂದ ಇಳಿದು ಬರುವ ಚಳಿಗಾಳಿ. ಅವಳ ಬಿಳಿ ಅಂಗಿಗೆ ಕಾಗದದ ಪಟ್ಟಿ ಹೊಲಿಯಲು ತೆತಾ ಫಿಲಾ ನನ್ನ ಅಡುಗೆಮನೆಗೆ ಬಂದು ಕೂತರು. ಆ ದಿನಕ್ಕೆಂದು ತಾವು ಹೊಲಿಸಿದ ನೀಲಿ ಉಡುಪನ್ನೂ ತಂದು ನನಗೆ ತೋರಿಸಿದರು.

"ಚೆನ್ನಾಗಿದೆಯಾ ಯೆಲ್ಕಾ? ನಿಜ ಹೇಳು."

"ತುಂಬಾ ಚೆನ್ನಾಗಿದೆ ತೆತಾ. ಬಾರ್ಬಾ ನೋಡಿದ್ರಾ?"

"ಅವನು ಮೋಡದ ಬಣ್ಣ ಬಿಟ್ಟು ಬೇರೆ ಯಾವ ಬಣ್ಣ ನೋಡ್ತಾನೆ?"

ಶುಕ್ರವಾರ ಸಂಜೆ ಅವರ ಕೊನೆಯ ವರದಿ. ನಾವು ಮೂವರೂ ಅಡುಗೆಮನೆಯಲ್ಲೇ ನೋಡಿದೆವು, ಫಿಲಾ ಸೂಜಿ ಹಿಡಿದುಕೊಂಡೇ. ಬಾರ್ಬಾ ಅದೇ ಬೂದು ಕೋಟಿನಲ್ಲಿದ್ದರು. ವಿದಾಯದ ಮಾತು ಏನಾದರೂ ಬರಬಹುದೆಂದು ನಾನು ಕಾದೆ. ಅವರು ನಕ್ಷೆಯ ದಕ್ಷಿಣದ ಕಡೆ ಕೈ ಇಟ್ಟು ಹೇಳಿದರು:

"ನಾಳೆ ಹಗಲು ಶಾಂತ. ಸಂಜೆ ಯೂಗೊ ಏಳುತ್ತೆ. ರಾತ್ರಿ ಒಂಬತ್ತರ ಹೊತ್ತಿಗೆ ಸಮುದ್ರ ದಕ್ಕೆ ಮೇಲೆ ಬರುತ್ತೆ. ದೋಣಿಗಳನ್ನ ಎರಡು ಹಗ್ಗದಲ್ಲಿ ಕಟ್ಟಿ. ದಕ್ಕೆ ಮೇಲೆ ಕುರ್ಚಿ ಹಾಕಿರೋರು ತೆಗೆದು ಒಳಗಿಡಿ."

ಎದುರಿನ ಕಾಫಿ ಅಂಗಡಿಯಿಂದ ನಗೆ ಎದ್ದಿದ್ದು ನಮ್ಮ ಕಿಟಕಿಗೆ ಬಂತು. ಇಡೀ ಅಂಗಡಿ ಮೇಜು ಬಡಿದು ನಗುತ್ತಿತ್ತು. ತೆತಾ ಫಿಲಾ ನಗಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಡಿದು, "ಇನ್ನೊಂದು ಹಲ್ಲು ಕೀಳಿಸ್ಕೊಂಡ" ಎಂದರು.

ಯೂಗೊ ದಕ್ಷಿಣದ ಗಾಳಿ. ಅದು ಬಂದರೆ ಗೋಡೆ ಬೆವರುತ್ತದೆ, ತಲೆ ಭಾರ, ಗಂಡಹೆಂಡಿರು ಜಗಳವಾಡುತ್ತಾರೆ, ಯಾರೂ ಮುಖ್ಯವಾದ ಕಾಗದಕ್ಕೆ ರುಜು ಹಾಕುವುದಿಲ್ಲ. ಆ ಗಾಳಿಯಲ್ಲಿ ಯಾರೂ ದಕ್ಕೆಯ ಮೇಲೆ ಸನ್ಮಾನ ಮಾಡುವುದಿಲ್ಲ. ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಾಳಿ ಸಿಗದು ಎಂದು ಊರು ತೀರ್ಮಾನಿಸಿತು.

ಬಾರ್ಬಾ ಮನೆಗೆ ಬರುವಾಗ ನಾನು ಮೆಟ್ಟಿಲ ಮೇಲೆ ಕಸದ ಚೀಲ ಹಿಡಿದುಕೊಂಡು ನಿಂತಿದ್ದೆ. ಕಾಫಿ ಅಂಗಡಿಯ ಮುಂದೆ ಹಾದು ಬರುವಾಗ ಯಾರೋ ಅವರ ಕೊರಳಿಗೆ ಮಕ್ಕಳ ರಬ್ಬರಿನ ಈಜುಟ್ಯೂಬು ಹಾಕಿ ಕಳಿಸಿದ್ದರು. ಅದನ್ನು ತೆಗೆದು ಕೈಯಲ್ಲಿ ಹಿಡಿದಿದ್ದರು.

"ಬಾರ್ಬಾ, ನಿಜವಾಗ್ಲೂ ಬರುತ್ತಾ?" ಎಂದು ಕೇಳಿದೆ.

ಅವರು ರೇಲಿಂಗಿಗೆ ಒರಗಿದರು. "ನೀನೂ ಕೇಳ್ತೀಯಲ್ಲ ಮಗಳೇ. ಇಷ್ಟು ವರ್ಷ ನಂಬಿದ್ರು. ನಾನು ತಪ್ಪಿದಾಗ್ಲೂ ನಂಬಿದ್ರು. ಕೊನೇದೊಂದನ್ನ ಮಾತ್ರ ನೆಪ ಅಂತಾರೆ. ಇದನ್ನ ಕೇಳ್ಸಿಕೊಂಡು ಮನೇಲಿ ಕೂರ್ಬೇಕಾ ನಾನು?" ದನಿ ಏರಲಿಲ್ಲ. "ಸನ್ಮಾನ ಎಲ್ಲಾದ್ರೂ ಮಾಡ್ಲಿ, ಬರ್ತೀನಿ. ಹಳೇ ಮೀನಿನ ಕಾರ್ಖಾನೇಲಿ ಮಾಡ್ಲಿ. ನಾನ್ ಹೇಳಿದ್ದು ನಿಜ ಅಂತ ಒಬ್ರಾದ್ರೂ ಕುರ್ಚಿ ಎತ್ತಿಡ್ಲಿ, ಸಾಕು."

ಅವರಿಗೆ ಬೇಕಿದ್ದದ್ದು ಅಷ್ಟೇ. ಹೊರಡುವ ದಿನ ಅವರ ಮಾತು ಮಾತಾಗಿಯೇ ಇರಬೇಕು.

ಶನಿವಾರ ಬೆಳಗ್ಗೆ ಸಮುದ್ರ ಹಾಲಿನ ಹಾಗಿತ್ತು. ಎಲೆ ಅಲ್ಲಾಡುತ್ತಿರಲಿಲ್ಲ. ನನ್ನ ಗಂಡನ ಹೆಸರು ವೀದೆ, ದ್ವೀಪಕ್ಕೆ ಹೋಗುವ ಹಡಗಿನಲ್ಲಿ ಅವನ ಕೆಲಸ. ಬೆಳಗ್ಗೆಯೇ ಹೋದವನು ರಾತ್ರಿಯ ಕೊನೆಯ ಸರದಿಯಲ್ಲಿ ಮರಳಬೇಕಿತ್ತು. ನಾನು ಕಿಟಕಿಯಲ್ಲಿ ನಿಂತು ಪೆರಿನಾಳ ಕೂದಲು ಬಾಚುತ್ತಿದ್ದಾಗ ಕೆಳಗೆ ಗಲ್ಲಿಯಲ್ಲಿ ಶ್ಯೋರಾ ದುಮೆನಿಕಾ, ಹಾಡುಗಾರರಲ್ಲಿ ಒಂದಿಬ್ಬರು ಮತ್ತು ಕುರ್ಚಿಯ ಗಾಡಿಯವನು ಸೇರಿದ್ದರು. ದಕ್ಕೆಯೋ, ಮೀನಿಗೆ ಉಪ್ಪು ಹಾಕುತ್ತಿದ್ದ ಹಳೆಯ ಕಾರ್ಖಾನೆಯೋ ಎಂದು ಮಾತು. ನಗುವುದು ನಕ್ಕಾಗಿತ್ತು, ಆದರೆ ಒಳಗೊಳಗೆ ಅಳುಕಿತ್ತು ಅನ್ನಿಸುತ್ತದೆ.

"ಒಂದ್ವೇಳೆ ಬಂದ್ರೆ?" ಎಂದ ಗಾಡಿಯವನು. "ಕುರ್ಚಿ ಬಾಡಿಗೇದು."

"ಅದೂ ಸರಿಯೇ" ಎಂದರು ದುಮೆನಿಕಾ. ಅವರ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದಲು.

ಆಗ ಮೇಲೆ ರಾಟೆ ಕಿರ್ರೆಂದಿತು. ಎಲ್ಲರೂ ಕತ್ತೆತ್ತಿದರು. ತೆತಾ ಫಿಲಾ ಬೆಡ್‌ಶೀಟು ಹಾಕುತ್ತಿದ್ದರು. ಒಂದು, ಇನ್ನೊಂದು, ದೊಡ್ಡ ಮಂಚದ್ದು, ಮತ್ತೊಂದು. ಹಗ್ಗ ಎಳೆದಂತೆಲ್ಲ ಬಿಳಿಯ ಸಾಲು ಗಲ್ಲಿಯ ಮೇಲೆ ಮೆರವಣಿಗೆ ಹೊರಟಿತು.

"ಮುಗೀತು" ಎಂದರು ದುಮೆನಿಕಾ. "ಹೆಂಡ್ತಿಗೆ ಬೇರೇನೇ ಹೇಳಿದಾನೆ. ಕಳ್ಳ. ಕುರ್ಚಿ ದಕ್ಕೆಗೇ ನಡೀಲಿ."

ಗಾಡಿ ಹೊರಟಿತು. ಎದುರು ಮನೆಯವರು, ಮೂಲೆ ಮನೆಯವರು ಎಲ್ಲ ಬಕೆಟ್ಟು ತಂದು ಬಟ್ಟೆ ಹಾಕತೊಡಗಿದರು. ನಾನೂ ನನ್ನದನ್ನು ಹಾಕಲೆಂದು ಕಿಟಕಿಯಿಂದ ಬಗ್ಗಿದೆ. ಫಿಲಾ ಬಟ್ಟೆ ಹಾಕಿದ ದಿನ ನನ್ನ ಕಿಟಕಿಯ ಹೂಕುಂಡಗಳಿಗೆ ನೀರು ಹಾಕುವ ಕೆಲಸವಿಲ್ಲ. ಮೇಲಿನಿಂದ ತೊಟ್ಟಿಕ್ಕುತ್ತಲೇ ಇರುತ್ತದೆ. ಅವತ್ತು ಒಂದು ಹನಿಯೂ ಬೀಳಲಿಲ್ಲ. ಕತ್ತೆತ್ತಿ ನೋಡಿದೆ. ಬೆಡ್‌ಶೀಟುಗಳ ಮೇಲೆ ಇಸ್ತ್ರಿಯ ಮಡಿಕೆ ನೇರವಾಗಿ, ಚೌಕ ಚೌಕವಾಗಿ ನಿಂತಿತ್ತು. ಬೀರುವಿನಿಂದ ತೆಗೆದು ತಂದ ಒಣ ಬಟ್ಟೆ.

ಫಿಲಾಗೆ ಗೊತ್ತು, ಗಲ್ಲಿ ತನ್ನ ಹಗ್ಗವನ್ನು ಓದುತ್ತದೆ ಎಂದು. ಗಲ್ಲಿ ಓದಲೆಂದೇ ಹಾಕಿದ್ದರು.

ನನ್ನ ಬಕೆಟ್ಟು ಒಳಗೆಳೆದುಕೊಂಡೆ. ಮೇಲೆ ಹೋಗಿ ಕೇಳಬೇಕೆನಿಸಿತು, ಹೋಗಲಿಲ್ಲ. ಗಂಡಹೆಂಡಿರ ನಡುವಿನ ಹಗ್ಗ ಅದು, ನಾನು ಎಳೆಯುವುದಲ್ಲ. ಬೂರಾದ ಬಿಳಿ ಅಂಗಿಯ ಜೊತೆ ಪೆರಿನಾಳ ರಬ್ಬರ್ ಬೂಟು ಹುಡುಕಿಟ್ಟೆ. ಚೀಲಕ್ಕೆ ಒಣ ಕಾಲುಚೀಲ, ಟವೆಲು, ಒಂದು ಜೊತೆ ಬಟ್ಟೆ ತುಂಬಿದೆ.

"ಬೂರಾ ಬೂಟು ಹಾಕ್ಕೊಳ್ಳಲ್ಲ ಅಮ್ಮಾ."

"ನಮ್ಮನೆ ಬೂರಾ ಹಾಕ್ಕೊಳ್ಳುತ್ತೆ."

ಮಧ್ಯಾಹ್ನ ಬಾರ್ಬಾ ಟೀವಿಯವರಿಗೆ ಬೀಗದಕೈ ಒಪ್ಪಿಸಿ ಬಂದರು. ಗಲ್ಲಿಯ ಬಾಯಲ್ಲಿ ನಿಂತು ಮೇಲೆ ನೋಡಿದರು. ತಮ್ಮ ಮನೆಯ ಹಗ್ಗ, ಅದರ ಹಿಂದೆ ಇಡೀ ಗಲ್ಲಿಯ ಹಗ್ಗಗಳು. ಬಹಳ ಹೊತ್ತು ನಿಂತಿದ್ದರು. ಟೋಪಿ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡು ಮೆಟ್ಟಿಲು ಹತ್ತಿದರು. ಮೇಲಿನಿಂದ ಜಗಳದ ಸದ್ದೇನೂ ಬರಲಿಲ್ಲ. ತಟ್ಟೆ ಚಮಚದ ಸದ್ದು ಮಾತ್ರ.

ಸಂಜೆ ಇಬ್ಬರೂ ಇಳಿದು ಬಂದರು. ಫಿಲಾ ನೀಲಿ ಉಡುಪಿನಲ್ಲಿ ನಿಜಕ್ಕೂ ಚೆಂದ ಕಾಣುತ್ತಿದ್ದರು, ಆದರೆ ನನ್ನ ಮುಖ ನೋಡಲಿಲ್ಲ. ಬಾರ್ಬಾ ಅವರ ತೋಳು ಹಿಡಿದು ನಡೆಸಿಕೊಂಡು ಬಂದರು. ದಕ್ಕೆಯ ಮೇಲೆ ಊರಿಗೆ ಊರೇ ನೆರೆದಿತ್ತು. ಚಪ್ಪಾಳೆ, ಸೀಟಿ. "ಲೋವ್ರೆ, ಎಲ್ಲಿ ನಿನ್ನ ಯೂಗೊ? ಬಸ್ಸು ತಪ್ಪಿಸ್ಕೊಂಡ್ತಾ?" ಎಂದು ಯಾರೋ ಕೂಗಿದರು.

ಅವರು ಉತ್ತರ ಕೊಡದೆ ನೇರವಾಗಿ ಮಕ್ಕಳ ಬೆಂಚುಗಳ ಹತ್ತಿರ ಹೋಗಿ, ಒಂದನ್ನು ತಾವೇ ಎಳೆಯತೊಡಗಿದರು.

"ಏನ್ಮಾಡ್ತಿದೀಯ?" ಎಂದರು ದುಮೆನಿಕಾ.

"ಮಕ್ಕಳು ಗೋಡೆ ಪಕ್ಕ ಕೂರ್ಲಿ. ಅಷ್ಟೊಂದು ಮಾಡಿಕೊಡಿ ನಂಗೆ."

ನಾನು ಇನ್ನೊಂದು ತುದಿ ಹಿಡಿದೆ. ಎಲ್ಲ ಬೆಂಚುಗಳನ್ನೂ ಗೋಡೆಯ ಪಕ್ಕ, ಎತ್ತರದ ಕಟ್ಟೆಯ ಮೇಲೆ ಇಟ್ಟೆವು. ಜನ ನಕ್ಕರು, ಬಿಟ್ಟರು. ಆಮೇಲೆ ಅವರು ಬಂದು ಮೊದಲ ಸಾಲಿನಲ್ಲಿ ಫಿಲಾಳ ಪಕ್ಕ ಕೂತರು, ಕೈಕಟ್ಟಿಕೊಂಡು, ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗೆ.

ಹಾಡಾಯಿತು. ದುಮೆನಿಕಾ ಭಾಷಣ ಆರಂಭಿಸಿ, ಈ ಊರಿನಲ್ಲಿ ನಾವು ಪಾದ್ರಿಯನ್ನು ಅನುಮಾನಿಸಿದ್ದೇವೆ, ಮೇಯರನ್ನು ಅನುಮಾನಿಸಿದ್ದೇವೆ, ಲೋವ್ರೆಯನ್ನು ಮಾತ್ರ ಅನುಮಾನಿಸಿದವರಲ್ಲ ಎಂದರು. ಬಾರ್ಬಾ ತಮ್ಮ ಬೂಟಿನ ತುದಿ ನೋಡುತ್ತಿದ್ದರು. ಅಷ್ಟರಲ್ಲಿ ಬೂಟಿನ ತುದಿ ಒದ್ದೆಯಾಯಿತು.

ಗಾಳಿ ಇನ್ನೂ ಬಂದಿರಲಿಲ್ಲ. ನೀರು ಅಂಚಿನಿಂದಲೂ ಬರಲಿಲ್ಲ. ದಕ್ಕೆಯ ನಡುವಿನ ಚರಂಡಿಯ ಕಂಡಿಗಳಿಂದ, ಸದ್ದಿಲ್ಲದೆ, ಕೆಳಗಿನಿಂದ ಮೇಲೆ ಬಂತು. ಎರಡನೇ ಸಾಲಿನಲ್ಲಿ ಒಬ್ಬರು ಕಾಲೆತ್ತಿದರು, ಮೂರನೇ ಸಾಲಿನಲ್ಲಿ ಕೈಚೀಲಗಳು ಎದ್ದವು. ದುಮೆನಿಕಾ ನೀರು ಹಿಮ್ಮಡಿಗೆ ಬಂದರೂ ವಾಕ್ಯ ಮುಗಿಸಿದರು. ಆಮೇಲೆ ಒಮ್ಮೆಲೇ ಬೆಚ್ಚನೆಯ, ಒದ್ದೆ ಗಾಳಿ ಅಪ್ಪಳಿಸಿತು. ಭಾಷಣದ ಹಾಳೆ ಹಾರಿತು, ಕುರ್ಚಿಗಳು ಮಗುಚಿದವು, ಮೊದಲ ಅಲೆ ಅಂಚು ದಾಟಿ ಹಾಡುಗಾರರ ಮೊಣಕಾಲಿಗೆ ಹೊಡೆಯಿತು. ಮಕ್ಕಳು ಎತ್ತರದ ಕಟ್ಟೆಯ ಮೇಲೆ ಒದ್ದೆಯಾಗದೆ ಕೂತು ಚಪ್ಪಾಳೆ ತಟ್ಟುತ್ತಿದ್ದವು. ಇದೂ ಕಾರ್ಯಕ್ರಮದ ಭಾಗ ಎಂದುಕೊಂಡಿದ್ದವು.

ನಾವೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು, ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಕರಿದ ಸಿಹಿ ಉಂಡೆಗಳ ಪಾತ್ರೆಯನ್ನು ತಲೆಯ ಮೇಲಿಟ್ಟು ಹಳೇ ಕಾರ್ಖಾನೆಗೆ ಓಡಿದೆವು. ಆ ಗಲಾಟೆಯಲ್ಲಿ ಪೆರಿನಾಳ ಒಂದು ಬೂಟು ಕಳೆಯಿತು. ಅಲ್ಲಿ, ಹಳೆಯ ಮೀನಿನ ವಾಸನೆಯ ನಡುವೆ, ಇಡೀ ಊರು ಬರಿಗಾಲಿನಲ್ಲಿ ನಿಂತು ಸನ್ಮಾನ ಮುಗಿಸಿತು. ಬೂರಾ ಒಂದೇ ಬೂಟಿನಲ್ಲಿ ಕುಣಿಯಿತು. ದುಮೆನಿಕಾ ಲಂಗದ ಅಂಚು ಹಿಂಡುತ್ತಾ ಬಾರ್ಬಾನ ಮುಂದೆ ಬಂದು, "ಹಲ್ಲಿನ ಮಾತು ವಾಪಸ್ ತಗೊಂಡೆ" ಎಂದರು.

"ಅದು ನಿಜವಾಗ್ಲೂ ಹಾಳಾಗಿತ್ತು ದುಮೆನಿಕಾ."

"ಆಯ್ತು, ಹಾಳಾಗಿತ್ತು."

ಎರಡು ಮಾತು ಹೇಳಲೇಬೇಕೆಂದು ಎಲ್ಲರೂ ಹಟ ಹಿಡಿದಾಗ ಬಾರ್ಬಾ ಎದ್ದು ನಿಂತು, "ಒಂಬತ್ತಕ್ಕೆ ಅಂದಿದ್ದೆ, ಎಂಟರ ಒಳಗೇ ಬಂತು. ತಪ್ಪಾಯ್ತು" ಎಂದು ಕೂತುಬಿಟ್ಟರು. ಆ ಚಪ್ಪಾಳೆಗೆ ಕಾರ್ಖಾನೆಯ ಪಾರಿವಾಳಗಳು ಎದ್ದವು. ತೆತಾ ಫಿಲಾ ಮಾತ್ರ ಉಪ್ಪಿನ ಪೀಪಾಯಿಯ ಮೇಲೆ ಮೂಲೆಯಲ್ಲಿ ಕೂತಿದ್ದರು. ನೀಲಿ ಉಡುಪು ಮೊಣಕಾಲಿನ ತನಕ ಕಪ್ಪಾಗಿತ್ತು. ಅವರು ಚಪ್ಪಾಳೆ ತಟ್ಟಲಿಲ್ಲ, ಗಂಡನ ಕಡೆ ನೋಡಲೂ ಇಲ್ಲ. ಬಾರ್ಬಾ ಒಂದು ತಟ್ಟೆಯಲ್ಲಿ ಸಿಹಿ ಉಂಡೆ ಹಾಕಿಕೊಂಡು ಹೋಗಿ ಪಕ್ಕದಲ್ಲಿ ಕೂತರು. ತಟ್ಟೆ ಇಬ್ಬರ ನಡುವೆ ಹಾಗೇ ಇತ್ತು.

ಇವತ್ತು ಭಾನುವಾರ. ಯೂಗೊ ಇನ್ನೂ ನಿಂತಿಲ್ಲ. ಹಡಗು ಹೊರಡದೆ ನನ್ನ ಗಂಡ ದ್ವೀಪದಲ್ಲೇ ಉಳಿದಿದ್ದಾನೆ, ಬಟ್ಟೆ ಒಗೆಯುವ ಮಾತಿಲ್ಲ. ಬೆಳಗ್ಗೆ ಚರ್ಚಿನ ಗಂಟೆಯಾದ ಮೇಲೆ ಬಾರ್ಬಾ ಬಾಗಿಲು ತಟ್ಟಿದರು. ಕೈಯಲ್ಲಿ ಪೆರಿನಾಳ ಬೂಟು.

"ದೋಣಿಯೊಂದರೊಳಗೆ ಕೂತಿತ್ತು" ಎಂದರು. ಕಾಫಿ ಮಾಡುತ್ತೇನೆ ಎಂದೆ. ಕೂತರು. ಪೆರಿನಾ ಬಂದು, ನಿನ್ನೆ ಗಾಳಿಗೆ ಬೇಗ ಬಾ ಎಂದು ಹೇಳಿದ್ದು ಯಾಕೆ ಎಂದು ಅವರನ್ನು ಗದರಿಸಿ, ಬೂಟು ತೆಗೆದುಕೊಂಡು ಹೋದಳು.

ಬಾರ್ಬಾ ಲೋಟವನ್ನು ತಿರುಗಿಸುತ್ತಾ ಕೂತಿದ್ದರು. "ನಿನ್ನ ಹೂಕುಂಡಕ್ಕೆ ನಿನ್ನೆ ನೀರು ಬೀಳಲಿಲ್ಲ, ಅಲ್ವಾ?"

ನಾನು ಸಕ್ಕರೆ ಡಬ್ಬಿ ಅವರ ಮುಂದೆ ಸರಿಸಿದೆ.

"ಇಸ್ತ್ರಿ ಮಡಿಕೆ ಗಲ್ಲಿಯಿಂದ್ಲೇ ಕಾಣ್ತಿತ್ತು" ಎಂದರು. "ಮೊದಲು ತುಂಬಾ ಬೇಜಾರಾಯ್ತು ಮಗಳೇ. ಊರು ನಂಬದಿದ್ರೆ ಊರು. ಅವಳೂ... ಆಮೇಲೆ ಮೆಟ್ಟಿಲು ಹತ್ತೋವಾಗ ಯೋಚ್ನೆ ಮಾಡ್ದೆ. ಸಂಜೆ ಹೊತ್ತು ನಾನು ಯಾವತ್ತು ಮನೇಲಿದ್ದೆ? ಹಬ್ಬ, ಮದುವೆ, ಎಲ್ಲಾ ಕಡೆ ಅವಳೊಬ್ಬಳೇ ಹೋಗಿ ಖಾಲಿ ಕುರ್ಚಿ ಪಕ್ಕ ಕೂತು ಬಂದ್ಳು. ರಜೆ ಸಿಕ್ಕಿದ ದಿನ ನಾನು ಬೆಟ್ಟ ಹತ್ತಿದೆ. ಒಂದ್ಸಲ ಊರೆದುರು, ಸಮುದ್ರದ ಮುಂದೆ, ಗಂಡನ ಪಕ್ಕ ಕೂರ್ಬೇಕು ಅನ್ನಿಸಿದ್ರೆ ತಪ್ಪೇನು? ಸ್ವಲ್ಪ ಹೊತ್ತು ಕೂತ್ವಲ್ಲ. ನಂಗೂ ಚೆನ್ನಾಗೇ ಇತ್ತು."

"ಅವರಿಗೆ ಇದನ್ನ ಹೇಳಿ ಬಾರ್ಬಾ."

"ಹೇಳಿದ್ರೆ, ಬಟ್ಟೆ ವಿಷಯ ನಂಗೆ ಗೊತ್ತು ಅಂತ ಅವಳಿಗೆ ಗೊತ್ತಾಗುತ್ತೆ. ರಾತ್ರಿಯಿಡೀ ನಿದ್ದೆ ಮಾಡಿಲ್ಲ ಅವಳು. ಬೆಡ್‌ಶೀಟುಗಳೆಲ್ಲಾ ಮಳೇಲಿ ನೆಂದು ಇನ್ನೂ ಹಗ್ಗದ ಮೇಲೇ ಇವೆ, ತೆಗೆಯೋಕೂ ಹೋಗ್ತಿಲ್ಲ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಈಗ ಚರ್ಚಿಗೆ ಹೋಗಿದಾಳೆ. ಮುಗಿಸ್ಕೊಂಡು ಮನೆಗೆ ಬರಲ್ಲ, ಮೊದಲು ನಿನ್ನ ಹತ್ರ ಬರ್ತಾಳೆ. ಎಲ್ಲಾ ಹೇಳ್ಕೋತಾಳೆ, ಅಳ್ತಾಳೆ. ಒಂದು ಉಪಕಾರ ಮಾಡು ಯೆಲ್ಕಾ. ಈಗಷ್ಟೇ ಮೊದಲ ಸಲ ಕೇಳ್ತಿರೋ ಹಾಗೆ ಕೇಳು. 'ಲೋವ್ರೆಗೆ ಗೊತ್ತಾಯ್ತಾ' ಅಂತ ಕೇಳೇ ಕೇಳ್ತಾಳೆ. 'ಅವರಿಗೆಲ್ಲಿ ತೆತಾ, ಒಣ ಬಟ್ಟೆ ಒದ್ದೆ ಬಟ್ಟೆ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತೆ' ಅಂತ ಹೇಳಿಬಿಡು."